‘ನೋಡ್’ ಅಂದದ್ದು, ‘ಸೋಡ್’ ಕೇಳಿದ್ದು

ಹೋದ ತಿಂಗಳು ದಾವಣಗೆರೆಯಲ್ಲಿ ನಮ್ಮ ಇಲಾಖೆಯವರಿಗೆ ತರಬೇತಿ ಇತ್ತು. ವಿಷಯ, ತಂಡ ಕಟ್ಟುವುದು ಹೇಗೆ. ಇಂಥ ತರಬೇತಿಗಳೆಂದರೆ ನನಗೆ ಅಷ್ಟಕ್ಕಷ್ಟೆ. ಪಾಠ ಹೇಳಲು ಬಂದ ಹುಡುಗ ಬೆಳಗ್ಗೆಯೇ ನಮ್ಮ ಕೈಗೆ ಹಳೆಯ ಪೇಪರು, ಅಂಟು ಕೊಟ್ಟು ಗೋಪುರ ಕಟ್ಟಿಸಿದ. ಮಂಡಿನೋವಿನ ಎಂಜಿನಿಯರುಗಳೆಲ್ಲ ನೆಲದ ಮೇಲೆ ಕೂತು ಪೇಪರು ಸುತ್ತಿದೆವು. ಆಮೇಲೆ ಅವನು ಬೋರ್ಡಿನ ಮೇಲೆ ನಾಲ್ಕು ಮೆಟ್ಟಿಲು ಬರೆದ. ಹೊಸದಾಗಿ ಕೂಡಿದವರು ಮೊದಲು ನಯವಾಗಿರುತ್ತಾರಂತೆ, ಆಮೇಲೆ ಜಗಳಾಡುತ್ತಾರಂತೆ, ಆಮೇಲೆ ಹೊಂದಿಕೊಳ್ಳುತ್ತಾರಂತೆ, ಕೊನೆಗೆ ಒಬ್ಬರೇ ಮಾಡಿದ ಹಾಗೆ ಎಲ್ಲರೂ ಕೆಲಸ ಮಾಡುತ್ತಾರಂತೆ. ಮೂರನೇ ಮೆಟ್ಟಿಲು ಹತ್ತಿದ ಮೇಲೆ ಮುಂದಾಳು ನಿಶ್ಚಿಂತೆಯಿಂದ ಇರಬಹುದು ಎಂದೂ ಹೇಳಿದ. ಟೀ ಕುಡಿಯಲು ಹೊರಗೆ ಬಂದಾಗ ಯಾರೋ ಮೋರಿಗೆ ಬ್ಲೀಚಿಂಗ್ ಪುಡಿ ಎರಚುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಗವಾಡ ತಾಲ್ಲೂಕಿನಲ್ಲಿ ಕಳೆದ ಒಂದು ಮಳೆಗಾಲಕ್ಕೆ ಹೋಗಿಬಿಟ್ಟೆ. ಮೂರನೇ ಮೆಟ್ಟಿಲಿನ ಮೇಲೆ ನಿಂತಾಗಲೇ ನನ್ನ ತಂಡ ಬಿದ್ದದ್ದು. ಆ ಹುಡುಗನಿಗೆ ಹೇಳೋಣವೆನಿಸಿತು, ಟೀ ತಣ್ಣಗಾಗುತ್ತದೆ ಎಂದು ಸುಮ್ಮನಾದೆ.

ನಾನು ಹೊಳಲ್ಕೆರೆ ಕಡೆಯವಳು. ಜುಗೂಳಕ್ಕೆ ಹೋಗುವ ದಾರಿಯಲ್ಲಿ ಆಗಷ್ಟೇ ಕಟ್ಟಿ ಮುಗಿಸಿದ್ದ ಕುಡಿಯುವ ನೀರಿನ ಘಟಕಕ್ಕೆ ನನ್ನನ್ನು ಹಾಕಿದಾಗ ಸಹೋದ್ಯೋಗಿಗಳು ಕೇಳಿದ ಮೊದಲ ಪ್ರಶ್ನೆ, ನಿನಗೆ ಮರಾಠಿ ಬರುತ್ತಾ ಎಂದು. ಬರುತ್ತಿರಲಿಲ್ಲ. ಅಲ್ಲಿಯ ಕನ್ನಡವೂ ಅರ್ಧ ಬರುತ್ತಿರಲಿಲ್ಲ. ಘಟಕದ ಕೆಲಸವೇನೋ ಸರಳ. ಕೃಷ್ಣಾ ನದಿಯ ನೀರೆತ್ತಿ, ತಿಳಿಗೊಳಿಸಿ, ಕ್ಲೋರಿನ್ ಬೆರೆಸಿ, ಸುತ್ತಲಿನ ಹಳ್ಳಿಗಳ ಟಾಕಿಗಳಿಗೆ ಪಂಪಿನಿಂದ ಏರಿಸುವುದು. ಸುತ್ತ ಎತ್ತ ನೋಡಿದರೂ ಕಬ್ಬು. ಗೋಡೆಗಳ ಬಣ್ಣ ಇನ್ನೂ ಅಂಗೈಗೆ ಅಂಟುತ್ತಿತ್ತು. ಕೆಲಸದವರೂ ಅಷ್ಟೇ ಹೊಸಬರು. ಒಬ್ಬರನ್ನೊಬ್ಬರು ಅದಕ್ಕೂ ಮೊದಲು ಕಂಡವರಲ್ಲ.

ಪಂಪ್ ನಡೆಸುವವನು ಸಿದ್ಧಾರ್ಥ. ನಿಪ್ಪಾಣಿ ತಾಲ್ಲೂಕಿನ ಭೋಜದವನು, ಬೌದ್ಧರವನು, ಮನೆಮಾತು ಮರಾಠಿ. ತಾಯಿ ಆಗಲೂ ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಐಟಿಐ ಮುಗಿಸಿ ಆ ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲಿಗ ಇವನು. ಕೆಲಸ ಗುತ್ತಿಗೆಯದು. ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದ. ಕೈ ಬಹಳ ಚುರುಕು, ಸಿಟ್ಟು ಅದಕ್ಕಿಂತ ಚುರುಕು. ದಾರಿಯುದ್ದಕ್ಕೂ ಇದ್ದ ವಾಲ್ವ್‌ಗಳನ್ನು ತಿರುಗಿಸಿ ಊರೂರಿಗೆ ನೀರು ಹಂಚುವವರು ಭರಮಪ್ಪ. ಜುಗೂಳದ ಜೈನ ರೈತರು, ವಯಸ್ಸಾದವರು. ಮೊದಲು ಊರ ಪಂಚಾಯಿತಿಯಲ್ಲಿ ಇದೇ ನೀರು ಬಿಡುವ ಕೆಲಸ ಮಾಡಿದ್ದರು. ಇವರ ಬಾಯಲ್ಲಿ ವಾಲ್ವ್ ‘ವಾಲ್’ ಆಗುತ್ತಿತ್ತು. ನೀರಿನ ಪರೀಕ್ಷೆ ಮಾಡಿ, ಕೆಸರು ತಳಕ್ಕಿಳಿಸುವ ಸ್ಫಟಿಕ, ಕ್ಲೋರಿನ್ ಎಷ್ಟು ಹಾಕಬೇಕೆಂದು ಹೇಳುವವಳು ಶೈಲಾ. ಉಗಾರ ಬುದ್ರುಕದವಳು, ಎರಡೂ ಭಾಷೆ ಸಲೀಸು, ನಾಲಿಗೆ ಚೂಪು. ಈ ಮೂವರು, ಮೇಲೆ ನಾನು.

ಜೂನ್ ತಿಂಗಳು ಹಬ್ಬದ ಮನೆಯ ಹಾಗೆ ಕಳೆಯಿತು. ಬರ್ರಿ, ಕೂಡ್ರಿ, ಚಾ ಕುಡೀರಿ. ಯಾರಿಗೆ ಯಾರು ಏನು ಹೇಳಿದರೂ ಉತ್ತರ ಒಂದೇ, ‘ಹೌದ್ರಿ’. ಸ್ಫಟಿಕ ಕಡಿಮೆ ಬೀಳುತ್ತಿದೆ ಎಂದು ಶೈಲಾ ಸಿದ್ಧಾರ್ಥನಿಗೆ ಹೇಳಿದಳು, ಹೌದ್ರಿ. ವಾಲ್ವ್ ಒಮ್ಮೆಲೇ ಮುಚ್ಚಬೇಡಿ, ಪಂಪಿಗೆ ಪೆಟ್ಟು ಬೀಳುತ್ತದೆ ಎಂದು ಸಿದ್ಧಾರ್ಥ ಭರಮಪ್ಪನವರಿಗೆ ಹೇಳಿದ, ಹೌದ್ರಿ. ಇದನ್ನೆಲ್ಲ ಸೇರಿಸಿ ನಾನು ಮೂವರಿಗೂ ಹೇಳಿದೆ, ಮೂರು ಹೌದ್ರಿ ಬಂದವು. ಸ್ಫಟಿಕ ಹಾಗೆಯೇ ಬಿತ್ತು, ವಾಲ್ವ್ ಹಾಗೆಯೇ ಮುಚ್ಚಿತು. ಎಂಥ ಒಳ್ಳೆಯ ಜನ ಸಿಕ್ಕರು ಎಂದು ನಾನು ಅಮ್ಮನಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು.

ಕೊನೆಗೆ ಶೈಲಾಳಿಗೇ ನನ್ನ ಮೇಲೆ ಮರುಕ ಬಂತು. “ಮೇಡಮ್ಮಾರ, ಹೌದ್ರಿ ಅಂದ್ರ ನೀವು ಹೇಳಿದ್ದು ಕೇಳಿಸ್ತು ಅಂತ. ಅಷ್ಟ. ‘ಮಾಡತೇನ್ರಿ’ ಅನ್ನೂತನಾ ಅವರನ್ನ ಬಿಡಬ್ಯಾಡ್ರಿ,” ಎಂದಳು. ನಮ್ಮ ಕಡೆ ಹೌದು ಎಂದರೆ ಒಪ್ಪಿದೆ ಎಂದು. ಆ ದಿನದಿಂದ ನಾನು ‘ಮಾಡತೇನ್ರಿ’ ಬರುವವರೆಗೆ ಎದುರಿಗೇ ನಿಂತಿರತೊಡಗಿದೆ. ಅಷ್ಟಕ್ಕೇ ಮುಖಗಳು ಬಿಗಿಯಾದವು. ನಯ ಹೋಯಿತು, ಕೆಲಸ ಸ್ವಲ್ಪ ಸುಧಾರಿಸಿತು.

ಜುಲೈನಲ್ಲಿ ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ಬರೀ ಮೋಡ ಮತ್ತು ಗಾಳಿ, ನದಿ ಮಾತ್ರ ದಿನದಿನಕ್ಕೆ ಉಬ್ಬಿತು. ನೀರು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತು. ಕಸ, ಕಬ್ಬಿನ ಒಣ ಸೋಗೆ, ಒಮ್ಮೊಮ್ಮೆ ಬೇರುಸಹಿತ ಮರಗಳು ತೇಲಿ ಬರುತ್ತಿದ್ದವು. ಎಷ್ಟು ಸ್ಫಟಿಕ ಹಾಕಿದರೂ ತಿಳಿಯಾಗದು. ಸೋಸುವ ತೊಟ್ಟಿಗಳನ್ನು ಪದೇ ಪದೇ ತೊಳೆಯಬೇಕು. ಎಲ್ಲರಿಗೂ ದಣಿವು, ಎಲ್ಲರಿಗೂ ಸಿಟ್ಟು. ಜಗಳ ಹುಟ್ಟಿದ್ದು ಮಾತ್ರ ಇದಾವುದರಿಂದಲೂ ಅಲ್ಲ, ಒಂದು ತುಂಡು ಬಿಳಿ ಬಟ್ಟೆಯಿಂದ.

ಭರಮಪ್ಪನವರು ನೀರು ಕುಡಿಯಬೇಕಾದರೆ ತಂಬಿಗೆಯ ಬಾಯಿಗೆ ಆ ಬಟ್ಟೆ ಕಟ್ಟಿ, ಘಟಕದ ನಳದ ನೀರನ್ನು ಅದರ ಮೂಲಕ ಸೋಸಿಕೊಂಡು ಕುಡಿಯುತ್ತಿದ್ದರು. ಅದು ಅವರ ಧರ್ಮದ ನೇಮ. ನೀರಿನೊಳಗಿನ ಸಣ್ಣ ಜೀವ ಹೊಟ್ಟೆಗೆ ಹೋಗಬಾರದು. ಸಿದ್ಧಾರ್ಥ ಇದನ್ನು ದಿನಾ ನೋಡುತ್ತಿದ್ದ. ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟ.

“ಈ ನೀರು ನನ್ನ ಕೈಯಾಗಿಂದ ಬಂದೈತಿ ಅಂತ ಸೋಸಾಕತ್ತೀರೇನ್ರಿ?”

ಭರಮಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. ನಮ್ಮವ್ವ ಕೊಟ್ಟ ನೀರನ್ನೂ ನಾನು ಸೋಸಿಯೇ ಕುಡಿಯುವುದು ಎಂದರು. ಸಿದ್ಧಾರ್ಥ ನಕ್ಕ. “ಎಲ್ಲಾರೂ ಏನರ ಒಂದು ಕಾರಣಾ ಹೇಳತಾರ್ರಿ,” ಎಂದ.

ನನಗೆ ಸಂಕಟವಾಯಿತು. ಭರಮಪ್ಪನವರು ಹೇಳಿದ್ದು ನಿಜ. ಸಿದ್ಧಾರ್ಥ ಹೇಳಿದ್ದೂ ಅವನು ಬದುಕಿ ಬಂದ ನಿಜ. ಬಾವಿಯಿಂದ, ಹೋಟೆಲಿನಿಂದ, ಶಾಲೆಯ ಮಡಕೆಯಿಂದ ದೂರ ನಿಲ್ಲಿಸಿದವರೆಲ್ಲ ಅವನ ಹಿರಿಯರಿಗೆ ಒಂದೊಂದು ಕಾರಣ ಹೇಳಿದವರೇ. ಆ ಕಾರಣಗಳು ಬೇರೆ, ಈ ಬಟ್ಟೆ ಬೇರೆ ಎಂದು ಹೇಳಲು ನಾನು ಯಾರು? ಒಳಗೆ ಹೋದೆ.

ಅಲ್ಲಿಂದ ಇಬ್ಬರ ಮಾತು ನಿಂತಿತು. ಮಾತಾಡಲೇಬೇಕಾದರೆ ಭರಮಪ್ಪನವರು ತೀರಾ ಬಿಗಿಯಾದ ಕನ್ನಡದಲ್ಲಿ, ಪಂಚಾಯಿತಿ ಸಭೆಯಲ್ಲಿ ಮಾತಾಡಿದಂತೆ, ಬಹುವಚನ ಹಾಕಿ ಮಾತಾಡುತ್ತಿದ್ದರು. ಉಳಿದದ್ದೆಲ್ಲ ಶೈಲಾಳ ಮೂಲಕ. ಅವರಿಗೆ ಹೇಳು, ಇವನಿಗೆ ಹೇಳು. ನನ್ನ ಸಂಬಳ ಹೆಚ್ಚಿಸಬೇಕು, ನಾನು ಟಪಾಲಿನವಳೂ ಆಗಿದ್ದೇನೆ ಎಂದು ಅವಳು ದೂರುತ್ತಿದ್ದಳು.

ಅದು ಚಾತುರ್ಮಾಸ ಬೇರೆ. ಹೊತ್ತು ಮುಳುಗಿದ ಮೇಲೆ ಭರಮಪ್ಪನವರು ಉಣ್ಣುವಂತಿಲ್ಲ. ಹಳ್ಳಿಗಳಿಗೆ ಸಂಜೆಯ ನೀರು ಬಿಡುವ ಹೊತ್ತೂ ಅದೇ. ಅವರು ಒಂದು ವಾಲ್ವ್ ಅರ್ಧ ತೆರೆದು ಉಣ್ಣಲು ಮನೆಗೆ ಓಡುವರು. ಇತ್ತ ಪಂಪಿಗೆ ಭಾರ ಬಿದ್ದು ಅದು ತಾನಾಗಿ ನಿಂತುಹೋಗುವುದು. ಪಂಪಿಗೂ ಉಂಡು ಬಾ ಅಂತ ಹೇಳಲೇನು ಎಂದು ಸಿದ್ಧಾರ್ಥ ಎಲ್ಲರಿಗೂ ಕೇಳುವಂತೆ ಕೂಗುವನು.

ನಾನು ಮೊದಲು ಮಾಡಿದ್ದು ಎಲ್ಲ ಮೇಲಧಿಕಾರಿಗಳೂ ಮಾಡುವುದನ್ನೇ. ಇಬ್ಬರನ್ನೂ ಕರೆಸಿ ಒಗ್ಗಟ್ಟಿನ ಬಗ್ಗೆ ಭಾಷಣ ಬಿಗಿದೆ. ಇಬ್ಬರೂ ಹೌದ್ರಿ ಎಂದರು. ಆಮೇಲೆ ಇಬ್ಬರಿಗೂ ಬೇರೆ ಬೇರೆ ಪಾಳಿ ಹಾಕಿದೆ. ಅದೂ ನಡೆಯಲಿಲ್ಲ, ಯಾಕೆಂದರೆ ಪಂಪು ಒಂದು ತುದಿ, ವಾಲ್ವ್ ಇನ್ನೊಂದು ತುದಿ, ನಡುವೆ ಇರುವುದು ಒಂದೇ ಪೈಪು. ಕೊನೆಗೆ ಎರಡು ಕೆಲಸ ಮಾಡಿದೆ. ಸಂಜೆಯ ನೀರಿನ ಹೊತ್ತನ್ನು ಮುಂದಕ್ಕೆ ಹಾಕಿ ಭರಮಪ್ಪನವರ ಊಟ ಮುಗಿದ ಮೇಲೆ ಇಟ್ಟೆ. ಹಳ್ಳಿಗಳವರು ಗೊಣಗಿದರು. ಆ ಮಾತು ಇವರಿಬ್ಬರ ತನಕ ಬರದಂತೆ ನೋಡಿಕೊಂಡೆ. ಎರಡನೆಯದು, ಕೆಲವು ದಿನ ಕೆಲಸ ಅದಲುಬದಲು ಮಾಡಿಸಿದೆ. ಸಿದ್ಧಾರ್ಥ ಹೋಗಿ ವಾಲ್ವ್ ತಿರುಗಿಸುವುದು, ಭರಮಪ್ಪನವರು ಪಂಪಿನ ಕೋಣೆಯಲ್ಲಿ ಕೂತು ಒತ್ತಡದ ಮುಳ್ಳು ನೋಡುವುದು. ಪಂಪ್ ಹಾಕಲು ಅವರ ಪಕ್ಕದಲ್ಲಿ ನಾನು.

ಸಿದ್ಧಾರ್ಥ ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಬಂದ. ಬಿಗಿಯಾದ ವಾಲ್ವ್ ಮಳೆಯಲ್ಲಿ ನಿಧಾನಕ್ಕೆ ತಿರುಗಿಸುವುದೆಂದರೆ ಏನೆಂದು ತೋಳಿಗೆ ಗೊತ್ತಾಗಿತ್ತು. ಇತ್ತ ಅವನೊಮ್ಮೆ ವಾಲ್ವ್ ಫಕ್ಕನೆ ಮುಚ್ಚಿದಾಗ ಮುಳ್ಳು ಥರಥರ ನಡುಗಿ, ಪೈಪಿನಲ್ಲಿ ಢಂ ಎಂದು ಸದ್ದಾಯಿತು. ಭರಮಪ್ಪನವರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. ನಾನು ಮುಚ್ಚಿದಾಗಲೂ ಇದು ಹೀಗೇ ನಡುಗುತ್ತದೆಯೇ ಎಂದು ಕೇಳಿದರು. ಹೌದು ಎಂದೆ. ಕುರ್ಚಿಯನ್ನು ಮುಳ್ಳಿನ ಹತ್ತಿರಕ್ಕೆ ಎಳೆದುಕೊಂಡು ಕೂತರು.

ಆಗಸ್ಟಿನ ಹೊತ್ತಿಗೆ ಒಂದು ಸಣ್ಣ ಬದಲಾವಣೆ ಕಂಡೆ. ಆ ಗಡಿಯ ಎಲ್ಲರಂತೆ ಭರಮಪ್ಪನವರಿಗೂ ಮರಾಠಿ ಚೆನ್ನಾಗಿ ಬರುತ್ತಿತ್ತು, ಆದರೆ ಸಿದ್ಧಾರ್ಥನ ಜೊತೆ ಒಮ್ಮೆಯೂ ಆಡಿರಲಿಲ್ಲ. ಒಂದು ಮಧ್ಯಾಹ್ನ ಒಳಗೆ ಬಂದವರೇ “ಜೇವ್ಲಾಸ್ ಕಾ ರೇ?” ಎಂದರು, ಊಟ ಆಯಿತೇನೋ ಎಂದು. ಸಿದ್ಧಾರ್ಥ ತಲೆಯೆತ್ತಿ ನೋಡಿ, “ಉಂಡೇನ್ರಿ ಕಾಕಾ,” ಎಂದ, ಕನ್ನಡದಲ್ಲಿ. ಅಲ್ಲಿಂದ ಅದೇ ರೂಢಿಯಾಯಿತು. ಹಿರಿಯರು ಕಿರಿಯನ ಭಾಷೆ ಆಡುವುದು, ಕಿರಿಯ ಹಿರಿಯರ ಭಾಷೆಯಲ್ಲಿ ಉತ್ತರ ಕೊಡುವುದು. ಇಬ್ಬರೂ ತಮ್ಮ ತಮ್ಮ ಮನೆ ಮರೆತಿದ್ದಾರೆ ಎಂದು ಶೈಲಾ ಚೇಷ್ಟೆ ಮಾಡುತ್ತಿದ್ದಳು. ಬಿಳಿ ಬಟ್ಟೆ ಇದ್ದಲ್ಲೇ ಇತ್ತು. ಭರಮಪ್ಪನವರು ಸೋಸುವುದನ್ನು ಬಿಡಲಿಲ್ಲ, ಸಿದ್ಧಾರ್ಥ ಆಗೆಲ್ಲ ಬೇರೆ ಕಡೆ ನೋಡುವುದನ್ನು ಬಿಡಲಿಲ್ಲ. ಆದರೆ ಕೆಲಸ ಎಣ್ಣೆ ಹಾಕಿದ ಹಾಗೆ ನಡೆಯುತ್ತಿತ್ತು. ನಾನು ವಾರಕ್ಕೊಮ್ಮೆ ಚಿಕ್ಕೋಡಿಯ ಕಚೇರಿಗೆ ಹೋಗಿ ಎಲ್ಲ ಸರಿಯಿದೆ ಎಂದು ಹೇಳಿ ಬರುತ್ತಿದ್ದೆ. ನನಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ಅದು ಆ ತಿಂಗಳ ಕೊನೆಯ ಮಾತು. ದಾರಿಯಂಚಿನ ದೊಡ್ಡ ವಾಲ್ವ್ ಒಂದು ಸೋರುತ್ತಿತ್ತು. ಅದಿರುವುದು ಆಳು ಮುಳುಗುವಷ್ಟು ಆಳದ ಇಟ್ಟಿಗೆ ಕಟ್ಟಿದ ಗುಂಡಿಯಲ್ಲಿ. ಬೋಲ್ಟ್ ಬಿಚ್ಚಿ ಒಳಗಿನ ರಬ್ಬರು ಬದಲಿಸಬೇಕು. ಸಿದ್ಧಾರ್ಥ ಪಂಪು ನಿಲ್ಲಿಸಿ ಕೋಣೆಯಲ್ಲೇ ಇದ್ದ. ಭರಮಪ್ಪನವರು ಗುಂಡಿಗಿಳಿದು, ಪ್ಲಾಸ್ಟಿಕ್ ಚೀಲ ಸುತ್ತಿದ ಫೋನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವನ ಜೊತೆ ಮಾತಾಡುತ್ತಲೇ ಬೋಲ್ಟ್ ಸಡಿಲಿಸುತ್ತಿದ್ದರು. ಮಳೆ ಜೋರಾಗಿತ್ತು. ಘಟಕದಲ್ಲಿ ನದಿ ನೀರೆತ್ತುವ ಇನ್ನೊಂದು ಪಂಪು ಗುಂಯ್‌ಗುಡುತ್ತಿತ್ತು. ನಾನು ಶೈಲಾಳ ಜೊತೆ ಪಕ್ಕದ ಕೋಣೆಯಲ್ಲಿದ್ದೆ.

ಬೋಲ್ಟ್ ಸಡಿಲಿಸಿದ್ದಾಯಿತು. ಆದರೂ ನೀರು ಜಿನುಗುತ್ತಿತ್ತು. ಪೈಪಿನಲ್ಲಿ ಒತ್ತಡ ಉಳಿದಿದೆಯೇನೋ, ಮುಳ್ಳು ಎಲ್ಲಿದೆ ನೋಡು ಎಂದು ಕೇಳಬೇಕಿತ್ತು ಭರಮಪ್ಪನವರಿಗೆ. ಅವರು ಹೇಳಿದ್ದು ಎರಡೇ ಮಾತು. “ಝಾಲಂ, ನೋಡ್.” ಝಾಲಂ ಎಂದರೆ ಮರಾಠಿಯಲ್ಲಿ ಆಯಿತು ಎಂದು. ಮರಾಠಿಯಲ್ಲೇ ಮುಂದುವರಿದಿದ್ದರೆ ‘ಬಘ್’ ಎನ್ನಬೇಕಿತ್ತು. ಬಾಯಿಗೆ ಕನ್ನಡದ ‘ನೋಡ್’ ಬಂತು. ಮರಾಠಿಯಲ್ಲಿ ಕೇಳುತ್ತಿದ್ದ ಸಿದ್ಧಾರ್ಥನ ಕಿವಿಗೆ ಅದು ‘ಸೋಡ್’ ಆಯಿತು. ಸೋಡ್ ಎಂದರೆ ಬಿಡು. ಆಯಿತು, ನೀರು ಬಿಡು. ಅವನು ಪಂಪು ಹಾಕಿದ.

ಹಾಕಿದವನಿಗೆ ಕೂಡಲೇ ಏನೋ ತಪ್ಪಿದೆ ಅನ್ನಿಸಿತಂತೆ. ಏರಬೇಕಾದ ಮುಳ್ಳು ಏರಲಿಲ್ಲ. ಯಾರನ್ನೂ ಕೇಳದೆ ಪಂಪು ಆರಿಸಿ, ಬೈಕ್ ಹತ್ತಿ ಹೊರಟ. ನಾವು ಹಿಂದೆ ಓಡಿದೆವು. ಗುಂಡಿ ತುಂಬಿ ಹೊರಗೆ ಹರಿಯುತ್ತಿತ್ತು. ಸಡಿಲಾದ ಬಾಯಿಂದ ನುಗ್ಗಿದ ನೀರು ಭರಮಪ್ಪನವರನ್ನು ಗೋಡೆಗೆ ಬಡಿದಿತ್ತು. ಆ ಹೊತ್ತಿಗೆ ದಾರಿಯಲ್ಲಿ ಟ್ರ್ಯಾಕ್ಟರಿನವನೊಬ್ಬ ಬಂದದ್ದು ಪುಣ್ಯ. ಅವನೂ ಸಿದ್ಧಾರ್ಥನೂ ಸೇರಿ ಅವರನ್ನು ಮೇಲಕ್ಕೆಳೆದರು. ಕೊರಳ ಕೆಳಗಿನ ಎಲುಬು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು, ಪ್ರಜ್ಞೆ ಇರಲಿಲ್ಲ. ಮಿರಜಿನ ಆಸ್ಪತ್ರೆಗೆ ಸಾಗಿಸಿದೆವು. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಮರುದಿನ ಊರಲ್ಲಿ ಬೇರೆಯೇ ಮಾತು ಹುಟ್ಟಿತ್ತು. ಜುಲೈನ ಜಗಳ ಎಲ್ಲರಿಗೂ ಗೊತ್ತಿತ್ತು. ನೀರು ಸೋಸಿದ್ದಕ್ಕೆ ಆ ಹುಡುಗ ಹಗೆ ಇಟ್ಟುಕೊಂಡು, ಗುಂಡಿಯಲ್ಲಿದ್ದಾಗ ಬೇಕೆಂದೇ ಪಂಪು ಹಾಕಿದ ಎಂದು. ಭರಮಪ್ಪನವರ ಮಗ ಸನ್ಮತಿ ಕಾಗವಾಡದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಕೆಟ್ಟವನಲ್ಲ. ಆದರೆ ತಂದೆಯನ್ನು ಆ ಸ್ಥಿತಿಯಲ್ಲಿ ನೋಡಿ ಕಂಗಾಲಾಗಿದ್ದ. ತನಗೆ ‘ಸೋಡ್’ ಎಂದು ಕೇಳಿಸಿತು ಎಂದು ಸಿದ್ಧಾರ್ಥ ಹೇಳಿದ್ದ, ಅದು ‘ನೋಡ್’ ಇದ್ದೀತು ಎಂದು ಶೈಲಾ ಊಹಿಸಿದ್ದಳು, ಎರಡೂ ಅವನ ಕಿವಿಗೆ ಬಿದ್ದಿದ್ದವು. ಅಪ್ಪ ಕಣ್ಣು ಬಿಟ್ಟು ಮಾತಾಡಲಿ, ಅವರು ‘ನೋಡ್’ ಅಂದದ್ದೇ ಖರೆ ಆದರೆ ನಾನು ಪೊಲೀಸರಿಗೆ ದೂರು ಕೊಡುವವನೇ ಎಂದು ನನಗೆ ಹೇಳಿದ. ದೂರು ಬಿದ್ದರೆ ಸಿದ್ಧಾರ್ಥನ ಈ ಕೆಲಸವಷ್ಟೇ ಅಲ್ಲ, ಸರ್ಕಾರಿ ನೌಕರಿಯ ಆಸೆಯೂ ಮುಗಿದಂತೆ. ಗುತ್ತಿಗೆದಾರ ಆಗಲೇ ಅವನನ್ನು ಮನೆಗೆ ಕಳಿಸಿ ಎನ್ನುತ್ತಿದ್ದ.

ಕಳಿಸಲಿಲ್ಲ. ಕಳಿಸಿದರೆ ಓಡಿಹೋದ ಎನ್ನುತ್ತಿದ್ದರು, ಒಬ್ಬನೇ ಕೂತು ಅವನೇ ಏನಾದರೂ ಮಾಡಿಕೊಂಡಾನು ಎಂಬ ಹೆದರಿಕೆಯೂ ನನಗಿತ್ತು. ನನ್ನ ಕಣ್ಣೆದುರೇ ತೊಟ್ಟಿ ತೊಳೆಯುವ ಕೆಲಸಕ್ಕೆ ಹಚ್ಚಿದೆ. ಎಲ್ಲ ಮಾಡುತ್ತಿದ್ದ, ಪಂಪಿನ ಹಸಿರು ಬಟನ್ ಮಾತ್ರ ಮುಟ್ಟುತ್ತಿರಲಿಲ್ಲ. ಅದನ್ನು ನಾನೇ ಒತ್ತುತ್ತಿದ್ದೆ. ಊಟದ ಡಬ್ಬಿ ತೆರೆಯದೆ ವಾಪಸು ಒಯ್ಯುತ್ತಿದ್ದ. ಆಸ್ಪತ್ರೆಗೆ ಹೋಗಿ, ‘ಸೋಡ್’ ಅಂದೆ ಎಂದೇ ಹೇಳಿಬಿಡಿ ಅಂತ ಭರಮಪ್ಪನವರಿಗೆ ಒಂದು ಮಾತು ಹೇಳಿ ಬನ್ನಿ ಎಂದು ಶೈಲಾ ನನ್ನ ಬೆನ್ನು ಹತ್ತಿದಳು. ನಾನು ಹೋದೆ, ನೋವು ಹೇಗಿದೆ ಎಂದಷ್ಟೇ ಕೇಳಿ ಬಂದೆ. ಮೇಡಂ ಹೇಳಿಸಿದರು ಎನ್ನುವ ಮಾತಿನಿಂದ ಆ ಹುಡುಗ ಉಳಿದರೂ ಉಳಿದಂತಲ್ಲ. ಶೈಲಾ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು.

ಆಮೇಲೆ ಚಿಕ್ಕೋಡಿಯಿಂದ ನಮ್ಮ ಸಾಹೇಬರು ವಿಚಾರಣೆಗೆ ಬಂದರು. ಅವರೂ ನನ್ನಂತೆ ದಕ್ಷಿಣದವರು, ಮರಾಠಿ ಗೊತ್ತಿಲ್ಲ. ನೋಡ್ ಎಂದರೆ ಸೋಡ್ ಕೇಳುವುದು ಹೇಗೆ, ಇದು ಕಟ್ಟುಕಥೆ ಎಂದರು. ಶೈಲಾ ಏನೂ ವಾದ ಮಾಡದೆ ಫೋನ್ ಹಿಡಿದು ಮಳೆಯಲ್ಲಿ ಗೇಟಿನಾಚೆ ಹೋದಳು. ಸಾಹೇಬರನ್ನು ಪಂಪಿನ ಪಕ್ಕ ನಿಲ್ಲಿಸಿದೆವು. ಅವಳು ಅಲ್ಲಿಂದ ಒಂದು ಮಾತು ಹೇಳಿದಳು, ಸ್ವಲ್ಪ ಬಿಟ್ಟು ಇನ್ನೊಂದು. ಎರಡೂ ಸಲ ‘ನೋಡ್’ ಎಂದಳು, ಸ್ಪಷ್ಟವಾಗಿ ಕೇಳಿತು ಎಂದರು ಸಾಹೇಬರು. ಅವಳು ವಾಪಸು ಬಂದು ನಿಧಾನಕ್ಕೆ ಹೇಳಿದಳು, ತಾನು ಎರಡೂ ಸಲ ಅಂದದ್ದು ‘ಸೋಡ್’ ಎಂದು. ಅವರಿಗೆ ಗೊತ್ತಿದ್ದ ಮಾತು ಒಂದೇ, ಕೇಳಿಸಿದ್ದೂ ಅದೊಂದೇ. ಸಾಹೇಬರು ಕನ್ನಡಕ ಒರೆಸಿಕೊಂಡರು. ಕೇಳಿದ್ದು ತಪ್ಪಿರಬಹುದು, ಆದರೆ ಮನಸ್ಸಿನಲ್ಲಿ ಏನಿತ್ತು ಅಂತ ಹೇಗೆ ಹೇಳುವುದು ಎಂದರು. ಭರಮಪ್ಪನವರನ್ನೇ ಕೇಳೋಣ ಎಂದು ಎಲ್ಲರೂ ಮಿರಜಿಗೆ ಹೊರಟೆವು. ಸಿದ್ಧಾರ್ಥ ಬರಲಿಲ್ಲ, ಘಟಕದಲ್ಲೇ ಉಳಿದ.

ಭರಮಪ್ಪನವರು ತೋಳು ಕಟ್ಟಿಸಿಕೊಂಡು ದಿಂಬಿಗೆ ಒರಗಿ ಕೂತಿದ್ದರು. ಸನ್ಮತಿ ತಲೆಯ ಹತ್ತಿರ ನಿಂತಿದ್ದ. ನೀವು ಏನು ಅಂದಿರಿ ಎಂದು ಸಾಹೇಬರು ನೇರ ಕೇಳಿದರು.

“ನಾ ‘ನೋಡ್’ ಅಂದ್ನಿರಿ,” ಎಂದರು ಭರಮಪ್ಪನವರು.

ಸನ್ಮತಿ ನನ್ನ ಕಡೆ ನೋಡಿದ.

“ಆದ್ರ ಅವನ ಜೋಡಿ ನಾ ಮರಾಠಿ ಮಾತಾಡಾಂವ. ‘ಝಾಲಂ’ ಅಂತ ಮರಾಠಿಯೊಳಗ ಸುರು ಮಾಡಿ, ನಡುವ ಒಂದು ಕನ್ನಡ ಮಾತು ತಂದಾಂವ ನಾನ. ಅಂವ ಮರಾಠಿ ಕಿವೀಲೆ ಕೇಳ್ಯಾನ. ಅದರಾಗ ಅವಂದೇನು ತಪ್ಪೈತ್ರಿ?”

ಸನ್ಮತಿ ತಡೆಯಲಾರದೆ ಆ ನೀರಿನ ಜಗಳ ಎತ್ತಿದ. ಭರಮಪ್ಪನವರು ಮಗನ ಕಡೆ ತಿರುಗಲು ಹೋಗಿ ನೋವಿನಿಂದ ಮುಖ ಹಿಂಡಿದರು.

“ಜಗಳಾ ಇದ್ದಾಗ ನಾ ಅವನ ಜೋಡಿ ಬರೇ ಕನ್ನಡ ಮಾತಾಡತಿದ್ನೋ. ಆ ಜಗಳಾ ಇನ್ನೂ ಇದ್ದಿದ್ರ ನನಗ ಏನೂ ಆಗತಿದ್ದಿಲ್ಲ.”

ಸನ್ಮತಿ ಕಿಟಕಿಯ ಹತ್ತಿರ ಹೋಗಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು, ದೂರಿನ ಮಾತು ಬಿಡೋಣ, ಆದರೂ ಪಂಪಿಗೆ ಬೇರೆಯವನನ್ನು ಹಾಕುವುದೇ ಒಳ್ಳೆಯದು, ನಿಮ್ಮ ಜೀವದ ಪ್ರಶ್ನೆ ಎಂದರು. ಹಾಕಿರಿ ಎಂದರು ಭರಮಪ್ಪನವರು. ಆಮೇಲೆ ಹೇಳಿದರು, “ಹೊಸಬ ಪಂಪಿನ ಮುಂದ ಇದ್ದಾಗ ನಾ ಗುಂಡ್ಯಾಗ ಇಳಿಯಾಂಗಿಲ್ರಿ. ಇವಂಗ ಒಮ್ಮಿ ತಪ್ಪು ಕೇಳೇತಿ. ಇನ್ನ ಮ್ಯಾಲ ಅಂವ ಎರಡ್ ಸಲ ಕೇಳತಾನ. ಹೊಸಬ ಒಂದ ಸಲ ಕೇಳತಾನ.”

ಸಾಹೇಬರು ನನ್ನ ಅಭಿಪ್ರಾಯ ಕೇಳಿದರು. ಸಿದ್ಧಾರ್ಥನನ್ನು ಇಟ್ಟುಕೊಳ್ಳುತ್ತೇನೆ, ಇನ್ನು ಏನಾದರೂ ಆದರೆ ನನ್ನನ್ನು ಕೇಳಿ ಎಂದೆ. ಅವರು ಒಪ್ಪಿದರು. ಗುತ್ತಿಗೆದಾರನಿಗೆ ಅವರೇ ಫೋನ್ ಮಾಡಿದರು.

ಫೋನಿನಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂದು ನಾನು ಒಂದು ನಿಯಮ ಯೋಚಿಸಿಟ್ಟಿದ್ದೆ. ಹೇಳುವ ಮೊದಲೇ ಅವರು ಮೂವರೂ ಸೇರಿ ತಮ್ಮದೊಂದು ಮಾಡಿಕೊಂಡಿದ್ದರು. ನೋಡ್, ಸೋಡ್ ಎರಡೂ ಫೋನಿನಲ್ಲಿ ವರ್ಜ್ಯ. ಪಂಪು ಹಾಕುವ ಮೊದಲು ಹಾಕುವವನು ಕೇಳಬೇಕು, ಎಲ್ಲಿ ನಿಂತೀರಿ ಎಂದು. ಆಚೆಯವರು ತಾವು ನಿಂತ ಜಾಗ ಹೇಳಬೇಕು. ಬರೀ ಹೌದ್ರಿ ಎಂದರೆ ನಡೆಯದು. ಅದು ನನ್ನದಕ್ಕಿಂತ ಚೆನ್ನಾಗಿತ್ತು, ನನ್ನದನ್ನು ನುಂಗಿಕೊಂಡೆ.

ನದಿ ಇಳಿದು, ನೀರು ತಿಳಿಯಾಗಿ, ಕಬ್ಬು ಕಡಿಯುವ ಗುಂಪುಗಳು ಬಂದು ಗುಡಿಸಲು ಹಾಕಿಕೊಳ್ಳುವ ಹೊತ್ತಿಗೆ ಭರಮಪ್ಪನವರು ಕೆಲಸಕ್ಕೆ ಮರಳಿದರು. ತೋಳು ಪೂರ್ತಿ ಮೇಲೇಳುತ್ತಿರಲಿಲ್ಲ. ಮೊದಲ ದಿನವೇ, ಬರೀ ಬೋಲ್ಟ್ ಬಿಗಿದು ಅಷ್ಟು ದಿನ ನಡೆಸಿದ್ದ ಆ ಸೋರುವ ವಾಲ್ವ್ ನಾನೇ ನೋಡುತ್ತೇನೆ ಎಂದು ಸಹಾಯಕ್ಕೆ ಒಬ್ಬನನ್ನು ಕರೆದುಕೊಂಡು ಹೋಗಿ ಅದೇ ಗುಂಡಿಗಿಳಿದು ರಬ್ಬರು ಬದಲಿಸಿದರು. ನೀರು ಬಿಡುವ ಹೊತ್ತಾಯಿತು. ನಾನು ರೂಢಿಯಂತೆ ಬಟನ್ ಹತ್ತಿರ ಹೋದೆ. ಅಲ್ಲಿ ಸಿದ್ಧಾರ್ಥ ಆಗಲೇ ನಿಂತಿದ್ದ. ನಾನು ಹಿಂದೆ ಸರಿದೆ.

“ಕಾಕಾ, ಎಲ್ಲಿ ನಿಂತೀರಿ?”

“ರಸ್ತಾದ ಮ್ಯಾಲ ನಿಂತೇನಿ.”

“ಗುಂಡ್ಯಾಗ ಯಾರದಾರು?”

“ಯಾರೂ ಇಲ್ಲ. ಇಬ್ಬರೂ ರಸ್ತಾದ ಮ್ಯಾಲ ಅದೇವಿ.”

ಸಿದ್ಧಾರ್ಥ ಬಟನ್ ಮೇಲೆ ಬೆರಳಿಟ್ಟ. ಒತ್ತಲಿಲ್ಲ. ಬೆರಳು ತೆಗೆದು ಮತ್ತೆ ಮೊದಲಿನಿಂದ ಕೇಳಿದ, ಕಾಕಾ, ಎಲ್ಲಿ ನಿಂತೀರಿ ಎಂದು. ನನ್ನ ಕೈ ತಾನಾಗಿ ಮುಂದೆ ಹೋಗಿತ್ತು, ಹಿಂದಕ್ಕೆಳೆದುಕೊಂಡೆ. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಳ್ಳತೊಡಗಿತು. ಯಾವುದೋ ಊರಿನವರು, ನೀರು ಇನ್ನೂ ಯಾಕೆ ಬಂದಿಲ್ಲ ಎಂದು. ಅವನಿಗೆ ಕೇಳಿಸಬಾರದೆಂದು ಹೊರಗೆ ಹೋಗಿ ಎತ್ತಿದೆ.

“ಬರತೈತ್ರಿ,” ಎಂದೆ. “ಒಂದೀಟ ತಡೀರಿ. ನಮ್ಮಾಂವ ಇನ್ನೂ ಕೇಳಾಕತ್ತಾನ.”

ಒಳಗೆ ಅವನು ಮತ್ತೊಮ್ಮೆ ಕೇಳಿದ. ಭರಮಪ್ಪನವರು ಒಂದಿಷ್ಟೂ ಬೇಸರವಿಲ್ಲದೆ ಮತ್ತೊಮ್ಮೆ ಅದನ್ನೇ ಹೇಳಿದರು. ಆಮೇಲೆ ಪಂಪು ಸುರುವಾಯಿತು.